ಪಕ್ಷಮಾಸದಲ್ಲಿ ಮುಗಿಸಿದ ದೋಣಿ ವ್ಯಾಪಾರ

ನಮ್ಮ ಗಂಗೊಳ್ಳಿ ಕಡೆ ದೋಣಿ ಕೊಳ್ಳುವ ಆಸೆಯಿರುವ ಹುಡುಗರು ಬಂದು ಕೇಳುವುದು ಒಂದೇ ಪ್ರಶ್ನೆ. "ಯಾವ ತಿಂಗಳಲ್ಲಿ ರೇಟು ಕಮ್ಮಿ?" ನಾನು ತಿರುಗಿ ಕೇಳುವುದೂ ಒಂದೇ. ಬಲೆ ಎಳೆದುಕೊಂಡು ಹೋಗುವ ದೊಡ್ಡ ಟ್ರಾಲ್ ಬೋಟಾ, ಸಣ್ಣ ನಾಡದೋಣಿಯಾ? ಯಾಕೆಂದರೆ ಇವೆರಡರ ವರ್ಷವೇ ಬೇರೆ. ಒಂದರ ದುಡಿಮೆ ಮುಗಿಯುವ ಹೊತ್ತಿಗೆ ಇನ್ನೊಂದರದ್ದು ಶುರುವಾಗುತ್ತದೆ. ಮಾರುವವರ ದುಡಿಮೆ ಮುಗಿದ ಮೇಲೆ ಹೋದರೆ ಮಾತಿಗೆ ಸಿಗುತ್ತಾರೆ, ಮೊದಲು ಹೋದರೆ ಇಲ್ಲ. ನಾನು ದೋಣಿ ತಗೊಂಡಿದ್ದು ಈ ಲೆಕ್ಕದಲ್ಲೇ.

ಟ್ರಾಲ್ ಬೋಟಿನ ವಿಷಯ ಹೆಚ್ಚಿನವರಿಗೆ ಗೊತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಅವು ಕಡಲಿಗೆ ಇಳಿಯುವಂತಿಲ್ಲ. 2015ಕ್ಕೆ ಮೊದಲು ಇದು 47 ದಿನ ಇತ್ತು. ಮೇ ತಿಂಗಳು ಅರ್ಧ ಆಗುವಾಗಲೇ ಡೀಸೆಲ್ ಖರ್ಚು ಹುಟ್ಟದೆ ಎಷ್ಟೋ ಬೋಟ್‌ಗಳು ಬಂದರಿನ ಧಕ್ಕೆಗೆ ಬಂದು ಕಟ್ಟಿಕೊಳ್ಳುತ್ತವೆ. ಮಾರಬೇಕು ಅಂತ ಮನಸ್ಸಿರುವ ಮಾಲೀಕರು ಆಗಲೇ ಬಾಯಿ ಬಿಡುವುದು. ಮುಂದಿನ ಎರಡು ತಿಂಗಳು ಆದಾಯ ಇಲ್ಲ, ರಿಪೇರಿ ಇದೆ, ಬೋಟ್ ನಡೆಸುವ ತಂಡೇಲನಿಗೂ ಅದರಲ್ಲಿ ದುಡಿಯುವ ಕಲಾಸಿಗಳಿಗೂ ಮುಂಗಡ ಕೊಡಬೇಕು. ಜುಲೈ ಬಂತೆಂದರೆ ಕತೆ ತಿರುಗುತ್ತದೆ. ಆಗಸ್ಟಿಗೆ ಇಳಿಸಲೇಬೇಕು ಅನ್ನುವವರು ಓಡಿ ಬರುತ್ತಾರೆ, ಹೇಳಿದ ರೇಟಿಗೆ ಹೂಂ ಅನ್ನುತ್ತಾರೆ.

ನನಗೆ ಬೇಕಾಗಿದ್ದು ಅದಲ್ಲ. ಇಬ್ಬರು ಮೂವರು ಹೋಗಿ ಬಂಗುಡೆ ಬಲೆ ಬಿಟ್ಟು ಬರುವಂಥ ಸಣ್ಣ ಫೈಬರ್ ದೋಣಿ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯ ಒಳಗಿನ ಇಂಜಿನ್ ಹಾಕಿದ ನಾಡದೋಣಿಗೆ ಮಳೆಗಾಲದ ನಿಷೇಧ ಇಲ್ಲ. ದೋಣಿಗಳ ಹಿಂದೆ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನ್ ಅಷ್ಟೊಂದು ಕಾಣುವುದು ಇದೇ ಕಾರಣಕ್ಕೆ. ದೊಡ್ಡ ಬೋಟ್‌ಗಳೆಲ್ಲ ದಡದಲ್ಲಿರುವಾಗ ಕರೆಯ ಹತ್ತಿರ, ಅಂದರೆ ದಡದ ಬಳಿ ಬರುವ ಸಿಗಡಿ, ಬಂಗುಡೆ, ಬೂತಾಯಿ ನಾಡದೋಣಿಯವರ ಪಾಲು. ಮಾರ್ಕೆಟ್ಟಿನಲ್ಲಿ ಮೀನು ಕಮ್ಮಿ, ಹಾಗಾಗಿ ರೇಟು ಜಾಸ್ತಿ. ಹಾಗಿರುವಾಗ ಮೇ ತಿಂಗಳಲ್ಲಿ ಯಾರಾದರೂ ದೋಣಿ ಕೊಡುತ್ತಾರಾ?

ಆದರೂ ಮೇನಲ್ಲೇ ಹುಡುಕಲು ಹೊರಟೆ. ಕೊಳ್ಳುವುದಕ್ಕಲ್ಲ, ನೋಡಿಟ್ಟುಕೊಳ್ಳುವುದಕ್ಕೆ. ಉಪ್ಪುಂದದಿಂದ ಮರವಂತೆ, ಗಂಗೊಳ್ಳಿ, ಆಚೆ ಕೋಡಿಬೆಂಗ್ರೆಯವರೆಗೆ ತಿರುಗಿದೆ. ನನ್ನ ಕಣ್ಣಿಗೆ ಬಿದ್ದ ದೋಣಿಯ ಮಾಲೀಕರಿಗೆ ವಯಸ್ಸಾಗಿತ್ತು. ಮಗ ಗಲ್ಫಿಗೆ ಹೋಗಿದ್ದ. ಇಂಜಿನ್ ಸೇರಿ 3.5 ಲಕ್ಷ ಅಂದರು. "ಸ್ವಲ್ಪ ಕಮ್ಮಿ ಮಾಡಿ ಅಣ್ಣ" ಅಂದಿದ್ದಕ್ಕೆ, "ಈಗೆಂತಕ್ಕೆ ಕಮ್ಮಿ ಮಾಡುದು? ಮಳೆಗಾಲ ಮುಗಿಲಿ, ಕಾಂಬ" ಅಂತ ಎದ್ದು ಹೋದರು. ಆ ಮಾತನ್ನೇ ನಾನು ಹಿಡಿದುಕೊಂಡೆ.

ಆಮೇಲೆ ಕಾದೆ. ಆಗಸ್ಟಿನಲ್ಲಿ ಹೋಗಲಿಲ್ಲ. ಆಸಾಡಿ ತಿಂಗಳು ಮುಗಿದು ನೂಲು ಹುಣ್ಣಿಮೆಯ ಸಮುದ್ರಪೂಜೆ ಆದ ಮೇಲೆ ಎಲ್ಲರಿಗೂ ಹುರುಪು, ಕಡಲು ಕೊಡುತ್ತದೆ ಅನ್ನುವ ನಂಬಿಕೆ. ಮಾರುವವರೂ "ಇನ್ನೊಂದು ತಿಂಗಳು ನೋಡುವ" ಅನ್ನುತ್ತಾರೆ. ನಾನು ಹೋಗಿದ್ದು ಚೌತಿ ಕಳೆದು ಪಕ್ಷಮಾಸ ಬಂದಾಗ. ಪಿತೃಪಕ್ಷದ ಆ ಹದಿನೈದು ದಿನ ನಮ್ಮಲ್ಲಿ ಹೊಸದೇನನ್ನೂ ಮನೆಗೆ ತರುವುದಿಲ್ಲ. ಹಾಗಾಗಿ ಕೊಳ್ಳಲು ಬರುವವರು ಯಾರೂ ಇರುವುದಿಲ್ಲ. ನೋಡಬಾರದು, ಮಾತಾಡಬಾರದು ಅಂತ ಶಾಸ್ತ್ರ ಏನಿಲ್ಲ ಅಲ್ವಾ? ಅಷ್ಟರಲ್ಲಿ ಟ್ರಾಲ್ ಬೋಟ್‌ಗಳು ಮತ್ತೆ ಇಳಿದು ಸಣ್ಣ ದೋಣಿಯವರ ಸುಗ್ಗಿ ತಗ್ಗಿರುತ್ತದೆ. ದೋಣಿ ಮೇಲೆಳೆದು ಇಟ್ಟಿರುತ್ತಾರೆ. ಮನೆಯಲ್ಲಿ ಕೂತವರಿಗೆ ಮಾತಾಡಲು ಪುರುಸೊತ್ತೂ ಇರುತ್ತದೆ. ಈ ಸಲ ಅದೇ ಅಣ್ಣ ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು.

ರೇಟಿಗಿಂತ ದೊಡ್ಡ ಲಾಭ ಇನ್ನೊಂದಿದೆ. ದೋಣಿಯ ನಿಜವಾದ ಬಣ್ಣ ಕಾಣುವುದು ಈ ಸಮಯದಲ್ಲೇ. ಮೇನಲ್ಲಿ ಮಳೆಗಾಲಕ್ಕೆಂದು ಹೊಸ ಪೇಂಟ್ ಹೊಡೆದು ಮದುಮಗಳ ಹಾಗೆ ಮಾಡಿ ನಿಲ್ಲಿಸಿರುತ್ತಾರೆ. ಮಳೆಗಾಲದ ಅಲೆ ತಿಂದು, ಮರಳಿನ ಮೇಲೆ ಎಳೆಸಿಕೊಂಡು ಬಂದ ದೋಣಿ ಏನನ್ನೂ ಮುಚ್ಚಿಡುವುದಿಲ್ಲ.

ಫೈಬರ್ ದೋಣಿಯನ್ನು ನೀರಿನಿಂದ ಎತ್ತಿದ ಹೊಸತರಲ್ಲೇ ನೋಡಬೇಕು. ಪದರದೊಳಗೆ ನೀರು ಹೊಕ್ಕಿದ್ದರೆ ಅಡಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಿರುತ್ತವೆ. ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿದರೆ ಅವು ಕುಗ್ಗಿಬಿಡುತ್ತವೆ. ಮೇಲೆ ಒಂದು ಕೈ ಪೇಂಟ್ ಹೊಡೆದರೆ ದೇವರಿಗೂ ಗೊತ್ತಾಗದು. ನಾನು ಒಂದು ನಾಣ್ಯ ಹಿಡಿದು ಇಡೀ ದೋಣಿಯನ್ನು ತಟ್ಟುತ್ತಾ ಹೋದೆ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ. ಪದರ ಬಿಟ್ಟಿರುವ ಕಡೆ ಸದ್ದು ಸತ್ತುಹೋಗುತ್ತದೆ. ಬಲಗಡೆ ಮುಂದಿನ ಭಾಗದಲ್ಲಿ ಒಂದು ಅಂಗೈಯಷ್ಟು ಜಾಗ ಹಾಗೆ ಸಿಕ್ಕಿತು. ಸೀಮೆಸುಣ್ಣದಲ್ಲಿ ಗುರುತು ಹಾಕಿ ಅವರಿಗೆ ತೋರಿಸಿದೆ.

ಇಂಜಿನ್ ಕೂರಿಸುವ ಹಿಂದಿನ ಹಲಗೆ ಇನ್ನೂ ಮುಖ್ಯ. ಹೊರಗೆ ಫೈಬರ್ ಕಂಡರೂ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ನೀರು ಇಳಿದರೆ ಅದು ಒಳಗೊಳಗೇ ಕೊಳೆಯುತ್ತದೆ. ಬೋಲ್ಟಿನ ಸುತ್ತ ಕಂದು ನೀರು ಸೋರಿದ ಗೆರೆ ಇದೆಯಾ ನೋಡಿ. ಇಂಜಿನ್ನಿನ ಕೆಳತುದಿ ಹಿಡಿದು ಜೋರಾಗಿ ಅಲ್ಲಾಡಿಸಿ. ಹಲಗೆಯೂ ಜೊತೆಗೆ ಬಾಗಿದರೆ ಸುಮ್ನೆ ಮನೆಗೆ ಬನ್ನಿ, ಎಷ್ಟೇ ಅಗ್ಗವಾದರೂ ಬೇಡ. ಸೋರಿಕೆ ನೋಡಲು ಕಡಲಿಗೇ ಇಳಿಸಬೇಕೆಂದಿಲ್ಲ. ದಡದಲ್ಲೇ ದೋಣಿಯೊಳಗೆ ಕೊಡಪಾನಗಟ್ಟಲೆ ನೀರು ಸುರಿದು ಹೊರಗಿನಿಂದ ನೋಡಿದರೆ ಸಾಕು. ಒಳಗಿನ ನೀರು ಹೊರಗೆ ಬರುವ ಜಾಗದಲ್ಲೇ ಹೊರಗಿನದ್ದು ಒಳಗೆ ಬರುವುದು.

ಇಂಜಿನ್‌ಗೆ ಮಾತ್ರ ಮೆಕ್ಯಾನಿಕ್ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಅವನು ಮೊದಲು ಮಾಡಿದ್ದು ಗೇರ್ ಆಯಿಲ್ ಸ್ಕ್ರೂ ಬಿಚ್ಚಿದ್ದು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಅಂತ ಅರ್ಥ. ಇದರದ್ದು ಹಾಲಿನ ಬಣ್ಣವೇ ಆಗಿತ್ತು. ನೀರು ತಳ್ಳುವ ಫ್ಯಾನ್ ಬಿಚ್ಚಿದರೆ ಶಾಫ್ಟಿಗೆ ಬಲೆಯ ನೂಲು ಸುತ್ತಿಕೊಂಡು ಸೀಲನ್ನು ಕೊಯ್ದಿತ್ತು. ದೊಡ್ಡ ಖರ್ಚಲ್ಲ, ಆದರೆ ಮಾತಿಗೆ ಒಳ್ಳೆಯ ಹಿಡಿತ ಸಿಕ್ಕಿತು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕಡಲು ಇಳಿದಿರುತ್ತದೆ, ಬೆಳಿಗ್ಗೆ ಹೊತ್ತು ದೋಣಿ ಓಡಿಸಿ ನೋಡಬಹುದು. ಜೂನ್, ಜುಲೈನಲ್ಲಿ ಕೊಂಡರೆ ಆ ಅಬ್ಬರದಲ್ಲಿ ಯಾರು ಟ್ರಯಲ್ ಕೊಡುತ್ತಾರೆ? ನಾವು ನದಿ ಕಡಲು ಸೇರುವ ಅಳಿವೆ ದಾಟಿ ಹೋಗಿ, ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿದೆವು. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಆದರಷ್ಟೇ ಸಾಲದು. ಬಿಸಿಯಾದಾಗ ಆಫ್ ಮಾಡಿ ಮತ್ತೆ ಎಳೆದು ನೋಡಬೇಕು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸಿದಾಗ ಉಸಿರು ಕಟ್ಟುತ್ತದಾ, ಕೂಲಿಂಗ್ ನೀರು ಒಂದೇ ಸಮ ಚಿಮ್ಮುತ್ತದಾ ಗಮನಿಸಬೇಕು.

ವಾಪಸು ಬಂದು 2.6 ಲಕ್ಷಕ್ಕೆ ಮುಗಿಸಿದೆವು. ಅಡ್ವಾನ್ಸ್ ಕೊಟ್ಟೆ. ಬಾಕಿ ಹಣ ವಿಜಯದಶಮಿ ದಿನ ಅಂತ ಮಾತಾಯಿತು. ಆಯುಧಪೂಜೆ ಮಾತ್ರ ತಮ್ಮ ಮನೆಯಲ್ಲೇ ಆಗಲಿ ಅಂದರು ಅವರು. ಅದಕ್ಕೆ ನಾನು ಇಲ್ಲ ಅನ್ನುವುದುಂಟೇ? ಇಂಜಿನ್‌ಗೆ ಅವರೇ ಹೂವು ಹಾಕಿ, ಮರುದಿನ ಕೊಟ್ಟರು.

ನಡುವಿನ ಆ ದಿನಗಳು ಕಾಗದಪತ್ರಕ್ಕೆ ಬೇಕೇ ಬೇಕಿತ್ತು. ಮೀನುಗಾರಿಕೆ ದೋಣಿಗೆ ನೋಂದಣಿ ಬೇಕು, 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಲ್ಲಿ ಲೈಸೆನ್ಸೂ ಬೇಕು. ದೋಣಿಯ ಮೇಲೆ ಐಎನ್‌ಡಿ-ಕೆಎ ಅಂತ ಶುರುವಾಗುವ ನಂಬರ್, ನೋಂದಣಿ ಪತ್ರದ ನಂಬರ್ ಎರಡೂ ಒಂದೇನಾ ಅಂತ ನಾನೇ ನಿಂತು ಓದಿದೆ. ಇಂಜಿನ್ ನಂಬರನ್ನೂ ಹಾಗೇ. ಸಬ್ಸಿಡಿ ಸೀಮೆಎಣ್ಣೆ ಪರ್ಮಿಟ್ ಇಂಜಿನ್ನಿಗೇ ಸೇರಿದ್ದು, ಹಾಗಾಗಿ ಅಲ್ಲಿ ಒಂದು ಅಂಕಿ ತಪ್ಪಿದರೂ ಮುಂದೆ ತಿರುಗಾಟ ತಪ್ಪದು. ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ದೋಣಿಯ ಮೇಲೆ ಸಾಲ ಇದ್ದರೆ ತೀರಿದ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಇದನ್ನು ಎಷ್ಟು ಹೇಳಿದರೂ ಹುಡುಗರು "ಅವರು ಗೊತ್ತಿದ್ದವರು" ಅನ್ನುತ್ತಾರೆ. ಗೊತ್ತಿದ್ದವರ ಹತ್ತಿರ ಕೇಳುವುದು ಇನ್ನೂ ಸುಲಭ ತಾನೇ?

ಹೊಸ ದೋಣಿಯೇ ಮಾಡಿಸುವವರಿಗೆ ಈ ಲೆಕ್ಕ ನಡೆಯದು. ಫೈಬರ್ ಕೆಲಸಕ್ಕೆ ಒಣ ಹವೆ ಬೇಕು. ಮಳೆಗಾಲದ ತೇವದಲ್ಲಿ ಪದರ ಅಂಟಿಸುವ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಏಪ್ರಿಲ್, ಮೇನಲ್ಲಿ ಹೋದರೆ ಎಲ್ಲರಿಗೂ ಜೂನ್ ಒಳಗೆ ಬೇಕು, ಕೆಲಸದವರು ಅವಸರದಲ್ಲಿ ಪದರ ಎಳೆಯುತ್ತಾರೆ. ನನ್ನ ಮಟ್ಟಿಗೆ ಡಿಸೆಂಬರ್, ಜನವರಿಯಲ್ಲಿ ಆರ್ಡರ್ ಕೊಟ್ಟು, ಪದರ ಹಾಕುವಾಗ ಆಗಾಗ ಹೋಗಿ ನಿಂತು ನೋಡುವುದೇ ಸರಿ.

ಈಗ ನನ್ನ ಭಾವನಿಗೆ ನಾಲ್ಕು ಜನ ಸೇರಿ ಹಳೆ ಮರದ ಟ್ರಾಲ್ ಬೋಟ್ ಕೊಳ್ಳುವ ಯೋಚನೆ ಬಂದಿದೆ. ಅವನೂ ಪಕ್ಷಮಾಸಕ್ಕೆ ಕಾಯುತ್ತೇನೆ ಅಂದ. ಬೇಡ ಮಾರಾಯ ಅಂದೆ. ಆ ಹೊತ್ತಿಗೆ ಅವು ಕಡಲಲ್ಲಿ ದುಡಿಯುತ್ತಿರುತ್ತವೆ, ಮಾಲೀಕರು ಫೋನೂ ಎತ್ತಲ್ಲ. ಮೇ ಎರಡನೇ ವಾರದಲ್ಲಿ ಮಲ್ಪೆಗೆ ಹೋಗಿ ಬೇಗ ಕಟ್ಟಿದ ಬೋಟ್‌ಗಳನ್ನು ನೋಡಿಕೊಂಡು, ತಿಂಗಳು ಮುಗಿಯುವುದರೊಳಗೆ ಓಡಿಸಿ ನೋಡಿ ಮಾತು ಮುಗಿಸಬೇಕು. ಜೂನ್ ಮೊದಲಲ್ಲೇ ಬೋಟ್ ಮೇಲೆಳೆಸಲು ಜಾಗ ಹೇಳಿಡಬೇಕು. ಜುಲೈ ಕೊನೆಯಲ್ಲಿ ಹೋದರೆ ಬಡಗಿಯೂ ಸಿಗಲ್ಲ, ವೆಲ್ಡರೂ ಸಿಗಲ್ಲ. ನಾಣ್ಯ ತಟ್ಟುವುದಕ್ಕೆ ನಾನೂ ಬರಬೇಕಂತೆ. ಅದು ಮರದ ಬೋಟ್, ನಾಣ್ಯ ಅಲ್ಲಿ ಕೆಲಸಕ್ಕೆ ಬಾರದು, ಹಲಗೆ ಚುಚ್ಚಿ ನೋಡಲು ಗೊತ್ತಿರುವ ಹಳೆ ಬಡಗಿಯೊಬ್ಬರನ್ನು ಕರೆದುಕೊಂಡು ಹೋಗು ಅಂದಿದ್ದೇನೆ.