ರಿವೈಂಡಿಂಗ್ ಅಂಗಡಿ ಹುಡುಗರು ಸೋಲಾರ್ ಕಲಿತಿದ್ದು: ನನ್ನ ಅನುಭವ

2024ರ ಫೆಬ್ರುವರಿಯಲ್ಲಿ ಮನೆ ಮಾಳಿಗೆ ಮೇಲೆ ಸೋಲಾರ್ ಹಾಕಿಸೋಕೆ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ ಬಂತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂದಮೇಲೆ ಕೇಳಬೇಕಾ, ವಿಜಯಪುರದ ನನ್ನ ಸಣ್ಣ ಸೋಲಾರ್ ಅಂಗಡಿಗೆ ದಿನಾ ಫೋನ್. ಆರ್ಡರ್ ಇತ್ತು, ಮಾಲೂ ಸಿಗುತ್ತಿತ್ತು. ಮಾಳಿಗೆ ಹತ್ತಿ ಕೆಲಸ ಮಾಡುವ, ಕೈ ಪಳಗಿದ ಹುಡುಗರೇ ಇರಲಿಲ್ಲ.

ಸೂರ್ಯಮಿತ್ರ ಅನ್ನೋ ಸರ್ಕಾರಿ ಸೋಲಾರ್ ತರಬೇತಿ ಮುಗಿಸಿದ ಇಬ್ಬರು ಸಿಕ್ಕರು, ಆರು ತಿಂಗಳಾಗುತ್ತಲೇ ಕೆಲಸ ಬಿಟ್ಟು ಪುಣೆಗೆ ಹೋದರು. ಅವರನ್ನು ಬೈಯಲ್ಲ, ಅಲ್ಲಿ ಸಂಬಳ ಜಾಸ್ತಿ. ಆಮೇಲೆ ಮನೆ ವೈರಿಂಗ್ ಮಾಡುವ ಹುಡುಗರನ್ನು ಕರೆದುಕೊಂಡೆ. ಒಬ್ಬರ ಮನೆಯಲ್ಲಿ ಎರಡೇ ತಿಂಗಳಿಗೆ ಪ್ಯಾನೆಲ್ ವೈರ್ ಜೋಡಿಸುವ ಎಂಸಿ4 ಕನೆಕ್ಟರ್ ಕರಗಿ ಕಪ್ಪಾಗಿತ್ತು. ಬಿಚ್ಚಿ ನೋಡಿದರೆ ಒಳಗಿನ ಪಿನ್ನನ್ನು ಪಕ್ಕಡದಿಂದ ಸುಮ್ನೆ ಒತ್ತಿಬಿಟ್ಟಿದ್ದಾರೆ. ತಪ್ಪು ನನ್ನದೇ, ಪಿನ್ನನ್ನು ವೈರಿಗೆ ಬಿಗಿಯಾಗಿ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಕೊಡಿಸಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಹೊಲದ ಬೋರ್‌ವೆಲ್ ಮೋಟಾರ್ ಸುಟ್ಟಿತು. ಇಂಡಿ ರೋಡಿನ ರಿವೈಂಡಿಂಗ್ ಅಂಗಡಿಯಲ್ಲಿ ಅರ್ಧ ದಿನ ಕೂತೆ. ಅಲ್ಲೊಬ್ಬ ಹುಡುಗ ಮಾತಾಡುತ್ತಲೇ ತಂತಿ ಸುತ್ತುತ್ತಿದ್ದ, ಒಂದು ಸುತ್ತೂ ಲೆಕ್ಕ ತಪ್ಪಲಿಲ್ಲ. ಇಂಥ ಕೈ ಇಲ್ಲೇ ಇದ್ದಾಗ ನಾನು ಊರೆಲ್ಲ ಹುಡುಕಿದ್ದೆ, ಅಲ್ವಾ? ಅವರ ಉಸ್ತಾದ್ ಜೊತೆ ಮಾತಾಡಿದೆ. ಮಳೆ ಶುರುವಾದರೆ ಅವರಿಗೆ ಕೆಲಸ ಕಮ್ಮಿ, ಆಗ ಇಬ್ಬರನ್ನು ನನಗೆ ಕಳಿಸೋದು ಅಂತ ಆಯ್ತು.

ಹದಿನೈದು ದಿನ ನಮ್ಮ ಮಾಳಿಗೆ ಮೇಲೇ ಪಾಠ. ಆರು ಪ್ಯಾನೆಲ್ ಸಾಲಾಗಿ ಜೋಡಿಸಿ ಮೀಟರ್ ಹಿಡಿಸಿದೆ.

"ಮೇನ್ ಬಂದ್ ಮಾಡೇನಲ್ರೀ ಅಣ್ಣಾ, ಆದ್ರೂ 300 ವೋಲ್ಟ್ ಯಾಕ ತೋರಸ್ತೈತಿ?"

"ಸೂರ್ಯಂದು ಮೇನ್ ಎಲ್ಲೈತಿ ಹೇಳು, ಬಂದ್ ಮಾಡೋಣ."

ನಕ್ಕರು, ಆದರೆ ಮರೆಯಲಿಲ್ಲ. ಮನೆಗೆ ಬರುವ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಕಿಡಿ ಹಾರಿದರೂ ಆರೋಕೆ ಅವಕಾಶ ಇರುತ್ತೆ, ಪ್ಯಾನೆಲ್‌ನಿಂದ ಬರುವ ಡಿಸಿಯಲ್ಲಿ ಹಾಗಿಲ್ಲ, ಲೋಡ್ ಇರುವಾಗ ಕನೆಕ್ಟರ್ ಎಳೆದರೆ ವೆಲ್ಡಿಂಗ್ ಹಾಗೆ ಉರಿಯುತ್ತಲೇ ಇರುತ್ತೆ ಅಂದಾಗ, ದಿನಾ ಮೋಟಾರ್ ಜೊತೆ ಇರುವ ಅವರಿಗೆ ತಟ್ಟನೆ ಹೊಳೀತು. ಕ್ರಿಂಪಿಂಗಿಗೆ ತುಂಡು ವೈರ್ ರಾಶಿ ಹಾಕಿ ತಲಾ ಐವತ್ತು ಮಾಡಿಸಿದೆ. ನಾನು ಜಗ್ಗಿ ನೋಡುವುದು, ಯಾರದು ಕಿತ್ತು ಬರುತ್ತೋ ಅವರೇ ಚಹಾ ಕೊಡಿಸೋದು. ಮೊದಲ ದಿನ ಚಹಾ ಜೋರಾಗಿತ್ತು. ಬೇರೆ ಬೇರೆ ಕಂಪನಿಯ ಕನೆಕ್ಟರ್ ಒಂದಕ್ಕೊಂದು ಸೇರಿಸಬಾರದು ಅನ್ನೋದನ್ನೂ ಆಗಲೇ ಹೇಳಿದೆ; ಕೂತ ಹಾಗೆ ಕಾಣುತ್ತೆ, ಒಳಗೆ ಸಡಿಲ ಉಳಿದು ಬಿಸಿಯಾಗುತ್ತೆ.

ಸ್ಟ್ಯಾಂಡ್ ಕೆಲಸಕ್ಕೆ ಗೇಟ್ ಮಾಡುವ ವೆಲ್ಡರ್ ಸಾಕಾದ. ದಕ್ಷಿಣಕ್ಕೆ ಮುಖ, ನಮ್ಮೂರಿಗೆ ಸುಮಾರು 17 ಡಿಗ್ರಿ ಓರೆ, ಅಷ್ಟೇ ಹೇಳಿಕೊಟ್ಟಿದ್ದು. ಸೇಫ್ಟಿ ಬೆಲ್ಟ್ ಹಾಕಿಸೋದೇ ದೊಡ್ಡ ಜಗಳ, ಇವತ್ತಿಗೂ.

ಕೂಲಿಯಲ್ಲೂ ಎಡವಿದೆ. ಕಿಲೋವ್ಯಾಟ್ ಲೆಕ್ಕದಲ್ಲಿ ಕೊಟ್ಟರೆ ಗಡಿಬಿಡಿ ಮಾಡಿ ಅರ್ಥಿಂಗ್ ಅರೆಬರೆ ಬಿಡುತ್ತಿದ್ದರು. ಈಗ ತಿಂಗಳ ಸಂಬಳ, ಅದರ ಮೇಲೆ ಮೂರು ತಿಂಗಳು ಆ ಮನೆಯಿಂದ ದೂರು ಬರದಿದ್ದರೆ ಮಾತ್ರ ಬೋನಸ್.

ಹೋದ ಏಪ್ರಿಲ್‌ನಲ್ಲಿ ಉಸ್ತಾದ್ ಫೋನ್ ಬಂತು. "ಸುಟ್ಟ ಮೋಟಾರ್ ಸಾಲ್ಗಟ್ಟಿ ಬಿದ್ದಾವ್ರೀ, ಹುಡುಗರ್ನ ಕಳಸ್ರಿ." ಮಾತು ಕೊಟ್ಟಾಗಿತ್ತು, ಕಳಿಸಿದೆ. ಆ ಎರಡು ವಾರ ಉರಿಬಿಸಿಲಲ್ಲಿ ವೆಲ್ಡರ್ ಜೊತೆ ನಾನೇ ಮಾಳಿಗೆ ಹತ್ತಿದೆ.