ಸಿಮೆಂಟ್ ಶೆಡ್ಡಿನಲ್ಲಿ ಕೋಳಿ ಸಾಕಿದ ಕಥೆ

ಮನೆ ಕಟ್ಟುವಾಗ ಸಿಮೆಂಟ್ ಮೂಟೆ ಇಡೋಕೆ, ವಾಚ್‌ಮನ್ ಮಲಗೋಕೆ ಅಂತ ಒಂದು ಶೆಡ್ ಹಾಕಿಸ್ತೀವಲ್ಲ, ಗೃಹಪ್ರವೇಶ ಆದಮೇಲೂ ಅದನ್ನ ಕೆಡವೋಕೆ ಯಾರಿಗೂ ಮನಸ್ಸು ಬರಲ್ಲ. ಬೆಂಗಳೂರಿನ ಚಿಕ್ಕಬಾಣಾವರದ ನಮ್ಮ ಮನೆ ಹಿಂದೆಯೂ ಅಂಥದ್ದೊಂದಿತ್ತು. ಹತ್ತಕ್ಕೆ ಎಂಟಡಿ, ಹಾಲೋ ಬ್ಲಾಕ್ ಗೋಡೆ, ಮೇಲೆ ಸಿಮೆಂಟ್ ಶೀಟು, ಅದು ಹಾರದಿರಲಿ ಅಂತ ನಾಲ್ಕು ಸೈಜುಗಲ್ಲು. ಒಳಗೆ ಮಿಕ್ಕಿದ ಟೈಲ್ಸು, ಪೇಂಟ್ ಬಕೆಟ್ಟು, ನೀರು ಕುಡಿದು ಕಲ್ಲಾದ ಎರಡು ಮೂಟೆ ಸಿಮೆಂಟು. ಅಲ್ಲಿ ಕೋಳಿ ಸಾಕ್ತೀನಿ ಅಂದಾಗ ನನ್ನ ಭಾವಮೈದ, "ಭಾವ, ಆರು ತಿಂಗಳಲ್ಲಿ ಎಲ್ಲಾನೂ ಸಾರು ಮಾಡ್ಕೊಂಡು ತಿಂದಿರ್ತೀರ" ಅಂತ ನಕ್ಕ. ಮೊದಲ ಸಲ ಸಾರಿಗೂ ಒಂದು ಉಳೀಲಿಲ್ಲ.

2023ರ ಜುಲೈ. ಸಂತೆಯಿಂದ 15 ಮರಿ ತಂದೆ. ಬೆಕ್ಕು ನುಗ್ಗಬಾರದು, ಥಂಡಿ ಹೊಡೀಬಾರದು ಅಂತ ಇದ್ದಬದ್ದ ಸಂದಿಗೆಲ್ಲ ಗೋಣಿಚೀಲ ತುರುಕಿ ಗೂಡನ್ನ ಪೆಟ್ಟಿಗೆ ಮಾಡಿಬಿಟ್ಟೆ. ಅದೇ ತಪ್ಪು. ನೆಲಕ್ಕೆ ಹಾಕಿದ್ದ ಮರದ ಹೊಟ್ಟು ಒಂದೇ ವಾರಕ್ಕೆ ಅಂಟಂಟಾಯ್ತು. ಬೆಳಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ಅಮೋನಿಯಾ. ನಾಲ್ಕನೇ ವಾರಕ್ಕೆ ರಕ್ತಭೇದಿ ಹಿಡೀತು. ನೀರಿಗೆ ಔಷಧಿ ಬೆರೆಸೋ ಹೊತ್ತಿಗೆ ಎಂಟು ಹೋಗಿದ್ವು. ಮಿಕ್ಕ ಏಳನ್ನ ಹೆಗ್ಗಣ ಎರಡೇ ರಾತ್ರಿಯಲ್ಲಿ ಮುಗಿಸ್ತು. ಗೋಡೆ ಕೆಳಗಿಂದ ಬಿಲ ತೋಡಿಕೊಂಡು ಬಂದಿತ್ತು. ಬಾಗಿಲಿಗೆ ಹೊಡೆದಿದ್ದ ತೆಳು ಕೋಳಿ ಜಾಲರಿಯಲ್ಲೂ ನನ್ನ ಮುಷ್ಟಿ ತೂರುವಷ್ಟು ತೂತು. 6,000 ರೂಪಾಯಿ ನೀರಲ್ಲಿ ಹೋಮ.

ಆಮೇಲೆ ಗೊತ್ತಾಯ್ತು, ಈ ಶೆಡ್ಡಿಗೆ ಬೇಕಾಗಿರೋದು ಗಾಳಿ, ಒಡೆಯಬೇಕಾಗಿರೋದು ಗೋಡೆ. ಮೇಸ್ತ್ರಿ ಒಪ್ಪಲಿಲ್ಲ. "ಸಾರ್, ಬ್ಲಾಕ್ ಕಿತ್ರೆ ಶೀಟು ತಲೆ ಮೇಲೆ ಬರುತ್ತೆ." ನಾಲ್ಕು ಮೂಲೆಗೆ ಕಬ್ಬಿಣದ ಚೌಕ ಪೈಪು ನಿಲ್ಲಿಸಿ ಭಾರ ಅದರ ಮೇಲೆ ಹಾಕ್ಸಿದೆ. ಉತ್ತರ, ದಕ್ಷಿಣದ ಗೋಡೆಗಳನ್ನ ಮೊಣಕಾಲಿನಿಂದ ಮೇಲಕ್ಕೆ ಪೂರ್ತಿ ತೆಗೆಸಿ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದ್ರೆ ಬೆಸೆದ ಗಟ್ಟಿ ತಂತಿ ಜಾಲರಿ, ಕೂರಿಸಿದ್ವಿ. ಪಡುವಣ ಗೋಡೆ ಮುಟ್ಟಲಿಲ್ಲ, ಜೂನ್-ಜುಲೈ ಎರಚಲು ಬರೋದೇ ಆ ಕಡೆಯಿಂದ. ಅದೇ ಮೆಶ್ ಅನ್ನ ಬುಡದಲ್ಲಿ ಒಂದಡಿ ಹೊರಕ್ಕೆ ಮಡಿಸಿ, ಮಣ್ಣಿನೊಳಗೆ ಹಾಸಿ, ಮೇಲೆ ಜಲ್ಲಿ ಕಾಂಕ್ರೀಟು. ಕಲ್ಲಾದ ಸಿಮೆಂಟ್ ಮೂಟೆಗಳು ಬಾಗಿಲಿಗೆ ಹೊಸ್ತಿಲಾದ್ವು. ಹೆಗ್ಗಣ ಇವತ್ತಿಗೂ ಬಂದು ಕೆರೆದು ವಾಪಸ್ ಹೋಗುತ್ತೆ, ಗುರುತು ಕಾಣುತ್ತೆ. ಒಂದು ಮಾತು: ಹಳೇ ಶೀಟನ್ನ ಮಾತ್ರ ಕೊಯ್ಯೋಕೆ ಹೋಗಬೇಡಿ, ಆ ಕಲ್ನಾರು (ಆಸ್ಬೆಸ್ಟಾಸ್) ಧೂಳು ಕೆಟ್ಟದ್ದು. ಗಾರೆಯವರ ಕೂಲಿ, ಮೆಶ್ಶು, ಪೈಪು ಎಲ್ಲ ಸೇರಿ 17-18 ಸಾವಿರ ಆಗಿರಬೇಕು. ಮನೆಯವಳಿಗೆ ಹೇಳಿರೋದು 11.

ನವೆಂಬರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಸ್ವರ್ಣಧಾರ ತಳಿಯ ಮರಿ 14 ತಂದೆ. ಗಿರಿರಾಜ ತಳಿಗಿಂತ ಮೈ ಹಗುರ, ಮೊಟ್ಟೆ ಜಾಸ್ತಿ. ಕಾವು ಕೊಡೋಕೆ ಹಳೇ 60 ವಾಟ್ ಬಲ್ಬ್ ಹುಡುಕೋದೇ ದೊಡ್ಡ ಕೆಲಸವಾಯ್ತು, ಎಲ್‌ಇಡಿಯಲ್ಲಿ ಬಿಸಿ ಎಲ್ಲಿ ಬರುತ್ತೆ? ಕೋಳಿಗೆ ಬರೋ ಕೊಕ್ಕರೆ ರೋಗದ (ರಾಣಿಖೇತ್) ಲಸೋಟ ಲಸಿಕೆ 100 ಡೋಸಿನ ಸೀಸೆಯಲ್ಲಿ ಬರುತ್ತೆ, ಕಲಸಿದ ಮೇಲೆ ಇಡೋಕಾಗಲ್ಲ. ಹಾಗಾಗಿ ನಾವು ಮೂರು ಮನೆಯವರು ಒಂದೇ ವಾರ ಮರಿ ತಂದು ಸೀಸೆ ಹಂಚಿಕೊಳ್ತೀವಿ.

ಈಗ ಹಾಸೋದು ಭತ್ತದ ಹೊಟ್ಟು, ನಾಲ್ಕು ಇಂಚು ದಪ್ಪ. ಎರಡು ದಿನಕ್ಕೊಮ್ಮೆ ಕುಂಟೆಯಲ್ಲಿ ಮೇಲೆ ಕೆಳಗೆ ಮಾಡಿ ಸುಣ್ಣದ ಪುಡಿ ಉದುರಿಸ್ತೀನಿ. ಅದರ ಜೊತೆ ಇನ್ನೊಂದು ಸಾಮಾನೂ ಸೇರಿಸ್ತೀನಿ. ಅದೇನು ಅಂತ ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ಹೇಳ್ತೀನಿ. ಪಕ್ಕದ ಮನೆ ಅಜ್ಜಿ ಮೂರು ತಿಂಗಳು ಕಳೆದ ಮೇಲೆ, "ಕೋಳಿ ಮಾರಿಬಿಟ್ರಾ?" ಅಂತ ಕೇಳಿದ್ರು. ವಾಸನೆ ವಿಷಯದಲ್ಲಿ ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?

ಹದಿನಾಲ್ಕರಲ್ಲಿ ಮೂರು ಹುಂಜ ಆದ್ವು. ಹೊಸತೊಡಕಿಗೆ ಹೋದ್ವು. ಎಲೆ ಮುಂದೆ ಮೊದಲು ಕೂತವನು ಭಾವಮೈದನೇ.

ಮೊಟ್ಟೆ ಶುರುವಾಗಿದ್ದು 2024ರ ಏಪ್ರಿಲಿನಲ್ಲಿ. ನೆನಪಿದೆಯಲ್ಲ, ಊರಲ್ಲಿ ಬಿಸಿಲು 38 ದಾಟಿದ್ದು? ಒಂದು ಹನಿ ಮಳೆಯಿಲ್ಲ, ಬೋರ್‌ವೆಲ್ ಬತ್ತಿ ಟ್ಯಾಂಕರ್ ಹಿಂದೆ ಓಡ್ತಿದ್ವಿ. ಒಂದು ಮಧ್ಯಾಹ್ನ ಎರಡು ಹೇಂಟೆ ರೆಕ್ಕೆ ಅಗಲಿಸಿ, ಬಾಯಿ ತೆರೆದುಕೊಂಡು ಸತ್ತು ಬಿದ್ದಿದ್ವು. ಅವತ್ತೇ ಶೀಟಿಗೆ ಫೆವಿಕಾಲ್ ಬೆರೆಸಿದ ಸುಣ್ಣ ಎರಡು ಕೈ ಹೊಡೆದೆ. ಮೆಶ್ಶಿಗೆ ಗೋಣಿಚೀಲ ಇಳಿಬಿಟ್ಟು ಅದನ್ನ ನೆನೆಸೋಕೆ ಅಡುಗೆಮನೆ ಆರ್‌ಒ ಫಿಲ್ಟರಿನಿಂದ ವ್ಯರ್ಥವಾಗಿ ಹೋಗ್ತಿದ್ದ ನೀರು ಹಿಡಿದೆ. ಆಮೇಲೆ ಒಂದೂ ಸಾಯಲಿಲ್ಲ.

ಮಧ್ಯೆ ಅಜೋಲಾ ಹುಚ್ಚು ಹಿಡೀತು, ಕೋಳಿ ಮೇವಿಗೆ ಅಂತ ನೀರಲ್ಲಿ ತೇಲಿಸಿ ಬೆಳೆಸೋ ಪುಟ್ಟ ಸಸ್ಯ ಅದು. ತೊಟ್ಟಿಯಲ್ಲಿ ಮೇವಿಗಿಂತ ಸೊಳ್ಳೆ ಮರಿ ಹೆಚ್ಚು ಬೆಳೀತು. ಡೆಂಗಿ ಅಂತ ಮನೆಯವಳು ತೊಟ್ಟಿಯನ್ನೇ ಬೋರಲು ಹಾಕಿದಳು. ಡಿಸೆಂಬರಿನಲ್ಲಿ ಹಗಲು ಇರೋದೇ 11 ಗಂಟೆ ಚಿಲ್ಲರೆ, ಬೆಳಕು ಕಮ್ಮಿಯಾದ್ರೆ ಕೋಳಿ ಮೊಟ್ಟೆನೂ ಕಮ್ಮಿ ಇಡುತ್ತೆ, ದಿನಕ್ಕೆ ಮೂರಕ್ಕೆ ಇಳೀತು. ಟೈಮರ್ ಹಾಕಿ ಬೆಳಗಿನ ಜಾವ ನಾಲ್ಕಕ್ಕೆ 9 ವಾಟ್ ಎಲ್‌ಇಡಿ ಹೊತ್ತಿಸಿದೆ. ಎರಡು ಮೂರು ವಾರಕ್ಕೆ ಐದಕ್ಕೆ ಬಂತು. ಅಜ್ಜಿ ಮಾತ್ರ ಆ ಬೆಳಕು ನೋಡಿ ಕಳ್ಳರು ಅಂದ್ಕೊಂಡು ಇಡೀ ರಸ್ತೆ ಎಬ್ಬಿಸಿದ್ರು.

ಲೆಕ್ಕ ಹೀಗಿದೆ. ಒಂಬತ್ತು ಹೇಂಟೆಗೆ 50 ಕಿಲೋ ಲೇಯರ್ ಮೇವು (ಮೊಟ್ಟೆ ಇಡೋ ಕೋಳಿಗೆ ಹಾಕೋದು) 50 ದಿನ ಬರುತ್ತೆ, ಮೂಟೆಗೆ 1,800 ಆಸುಪಾಸು. ಅಷ್ಟರಲ್ಲಿ 220 ಮೊಟ್ಟೆ. ಅರ್ಧ ಮನೆಗೆ, ಅರ್ಧ ಬೀದಿಯವರಿಗೆ, 12 ರೂಪಾಯಿಗೊಂದು. ಮೇವಿನ ದುಡ್ಡಿನ ಮುಕ್ಕಾಲು ಪಾಲು ಬಂದ ಹಾಗಾಯ್ತು. ಆ 18 ಸಾವಿರ ಕೇಳಬೇಡಿ.

ಮೊಟ್ಟೆ ಇಡೋಕೆ ಅಂತ 1,400 ಕೊಟ್ಟು ಪ್ಲೈವುಡ್ ಗೂಡು ಮಾಡಿಸಿದ್ದೆ. ಒಂದೂ ಒಳಗೆ ಕಾಲಿಡಲಿಲ್ಲ. ಮೂಲೆಯಲ್ಲಿ ಅಡ್ಡ ಬಿದ್ದಿದ್ದ 20 ಲೀಟರಿನ ಪೇಂಟ್ ಬಕೆಟ್ಟಿನೊಳಗೆ ಒಂದರ ಮೇಲೊಂದು ನುಗ್ತಿದ್ವು. ಪ್ಲೈವುಡ್ ಗೂಡಿನಲ್ಲಿ ಈಗ ಕುಂಟೆ, ಸುಣ್ಣದ ಡಬ್ಬ ಇಟ್ಟಿದ್ದೀನಿ. ಪೇಂಟಿಂಗ್ ನಡೀತಿರೋ ಮನೆ ಕಂಡರೆ ಗಾಡಿ ನಿಲ್ಲಿಸಿ ಖಾಲಿ ಬಕೆಟ್ ಕೇಳ್ತೀನಿ. ಇನ್ನೂ ಒಂದು ಬೇಕು.