ಬೇರು ಬಂತು, ಗಿಡ ಬರಲಿಲ್ಲ: ಎಲೆಯಿಂದ ಗಿಡ ಮಾಡಿದ ನನ್ನ ಅನುಭವ

ಧಾರವಾಡದ ಅಕ್ಕನ ಮನೆಯಿಂದ ರಬ್ಬರ್ ಗಿಡದ ಒಂದು ದಪ್ಪ ಎಲೆ ತಂದು ನೀರಿನ ಬಾಟಲಿಯಲ್ಲಿ ಇಟ್ಟಿದ್ದೆ. ಒಂದೂವರೆ ತಿಂಗಳಿಗೆ ಬಿಳಿ ಬೇರು ಬಂತು. ಖುಷಿಯಿಂದ ಕುಂಡಕ್ಕೆ ಹಾಕಿದೆ. ಒಂದು ವರ್ಷ ಆ ಎಲೆ ಹಾಗೇ ಹಸಿರಾಗಿ ನಿಂತಿತ್ತು, ಬೇರು ಕುಂಡದ ತಳ ಮುಟ್ಟಿತ್ತು, ಆದರೆ ಒಂದೇ ಒಂದು ಚಿಗುರೂ ಬರಲಿಲ್ಲ. ತುಂಬಾ ಬೇಜಾರಾಯಿತು.

ಆಮೇಲೆ ಗೊತ್ತಾಯಿತು, ಬೇರು ಬರುವುದು ಬೇರೆ, ಚಿಗುರು ಬರುವುದು ಬೇರೆ. ಚಿಗುರಿಗೆ ಮೊಗ್ಗು ಬೇಕು, ಹೂವಿನ ಮೊಗ್ಗಲ್ಲ, ಚಿಗುರು ಒಡೆಯುವ ಮೊಗ್ಗು. ರಬ್ಬರ್ ಗಿಡ, ಮನಿ ಪ್ಲಾಂಟ್ ಇವುಗಳಲ್ಲಿ ಆ ಮೊಗ್ಗು ಇರುವುದು ಕಾಂಡದ ಗೆಣ್ಣಿನಲ್ಲಿ. ಗೆಣ್ಣು ಬಿಟ್ಟು ಬರೀ ಎಲೆ ತಂದರೆ ಸುಮ್ನೆ ಕಾಯುವುದೇ ಆಗುತ್ತದೆ. ಶಾಲೆಯಲ್ಲಿ ಕಾಡುಬಸಳೆ ಎಲೆಯನ್ನು ಪುಸ್ತಕದೊಳಗೆ ಇಟ್ಟಿದ್ದು ನೆನಪಿದೆ ಅಲ್ವಾ? ಅದರ ಅಂಚಿನ ಕಚ್ಚುಗಳಲ್ಲೇ ಮೊಗ್ಗು ತಯಾರಾಗಿ ಕೂತಿರುತ್ತದೆ, ಅದಕ್ಕೇ ಅಷ್ಟು ಸುಲಭ. ಇವೆರಡರ ನಡುವೆ ಇನ್ನೊಂದು ಗುಂಪಿದೆ. ರೆಕ್ಸ್ ಬಿಗೋನಿಯಾ, ಆಫ್ರಿಕನ್ ವಯೊಲೆಟ್, ಪೆಪೆರೋಮಿಯಾ, ಸ್ನೇಕ್ ಪ್ಲಾಂಟ್, ಜೀಜೀ (ZZ ಪ್ಲಾಂಟ್). ಇವುಗಳ ಎಲೆಯಲ್ಲಿ ಮೊದಲೇ ಮೊಗ್ಗು ಇರುವುದಿಲ್ಲ, ಕತ್ತರಿಸಿದ ಮೇಲೆ ಎಲೆಯೇ ಹೊಸದಾಗಿ ಮಾಡಿಕೊಳ್ಳುತ್ತದೆ. ನಾನು ಈಗ ಮಾಡುವುದು ಇವನ್ನೇ.

ನನಗೆ ಎಲ್ಲಕ್ಕಿಂತ ಇಷ್ಟ ರೆಕ್ಸ್ ಬಿಗೋನಿಯಾ. ಅದು ನಮ್ಮ ದೇಶದ್ದೇ, ಈಶಾನ್ಯದ ಅಸ್ಸಾಂ ಕಡೆಯ ತಂಪು ಕಾಡಿನದು. ಹುಬ್ಬಳ್ಳಿಯ ಒಣಗಾಳಿ ಅದಕ್ಕೆ ಆಗಿ ಬರುವುದಿಲ್ಲ. ಮೊದಲ ಸಲ ಮಾರ್ಚ್ ಕೊನೆಗೆ ಹಾಕಿದೆ, ಬಿಸಿಲು ಬೀಳುವ ಕಿಟಕಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ಮುಚ್ಚಿಟ್ಟೆ. ಹತ್ತು ದಿನಕ್ಕೆ ಎಲೆ ಬೆಂದ ಪಾಲಕ್ ಥರ ಆಗಿತ್ತು. ಮುಚ್ಚಿದ ಡಬ್ಬಿ ಬಿಸಿಲಲ್ಲಿ ಒಲೆ ಆಗುತ್ತದೆ ಅಂತ ಆವತ್ತು ತಿಳಿಯಿತು. ಈಗ ನಾನು ಜೂನ್ ಮಧ್ಯದ ಮೇಲೆಯೇ ಶುರು ಮಾಡುವುದು. ಜಿಟಿಜಿಟಿ ಮಳೆ ಹಿಡಿದ ಮೇಲೆ ಗಾಳಿಯಲ್ಲೇ ತೇವ ಇರುತ್ತದೆ, ಅರ್ಧ ಕೆಲಸ ಅದೇ ಮಾಡುತ್ತದೆ.

ಎಲೆ ಬಲಿತಿರಬೇಕು, ಮುದಿಯಾಗಿರಬಾರದು. ಅದನ್ನು ಬೋರಲು ಹಾಕಿ ನೋಡಿ, ತೊಟ್ಟಿನಿಂದ ಐದಾರು ದಪ್ಪ ನರಗಳು ಬೆರಳು ಚಾಚಿದ ಹಾಗೆ ಹರಡಿರುತ್ತವೆ. ಹೊಸ ಬ್ಲೇಡಿನಿಂದ ಪ್ರತಿ ನರಕ್ಕೆ ಎರಡು ಮೂರು ಕಡೆ ಅಡ್ಡ ಗಾಯ ಮಾಡುತ್ತೇನೆ, ಒಂದು ಸೆಂಟಿಮೀಟರಿನಷ್ಟು. ನಂತರ ಎಲೆಯನ್ನು ತಿರುಗಿಸಿ, ಬೆನ್ನು ಕೆಳಗೆ ಬರುವ ಹಾಗೆ ಮಲಗಿಸಿ, ಕಸಬರಿಗೆ ಕಡ್ಡಿ ಬಗ್ಗಿಸಿ ಅಲ್ಲಲ್ಲಿ ಚುಚ್ಚುತ್ತೇನೆ. ಗಾಯಕ್ಕೆ ಮಣ್ಣು ತಾಗಿರಬೇಕು, ಅಷ್ಟೇ. ಎಲೆ ಎತ್ತರಕ್ಕೆ ಎದ್ದು ನಿಂತ ಕಡೆ ಏನೂ ಹುಟ್ಟುವುದಿಲ್ಲ.

ಮಣ್ಣು ಅಂದೆ, ಆದರೆ ನಮ್ಮ ಎರೆಮಣ್ಣು ಮಾತ್ರ ಬೇಡವೇ ಬೇಡ. ಹತ್ತಿಗೆ, ಜೋಳಕ್ಕೆ ಅದು ಬಂಗಾರ, ಎಲೆಗೆ ಮಾತ್ರ ಅಲ್ಲ. ನೀರು ಕುಡಿದರೆ ಬಿಡುವುದಿಲ್ಲ, ಒಣಗಿದರೆ ಬಿರಿಯುತ್ತದೆ, ಎಳೆ ಬೇರು ಹರಿದುಹೋಗುತ್ತದೆ. ನಾನು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ದಪ್ಪ ಮರಳನ್ನು ಸಮ ಹಾಕುತ್ತೇನೆ. ಕೋಕೋಪೀಟನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ, ಅದರಲ್ಲಿ ಉಪ್ಪಿನಂಶ ಇರಬಹುದು. ಹದ ನೋಡುವುದು ಹೀಗೆ: ಒಂದು ಮುಷ್ಟಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಬಂದರೆ ಜಾಸ್ತಿ ಆಯಿತು. ನೀರು ಮಳೆಯದ್ದೇ ಆದರೆ ಒಳ್ಳೆಯದು. ನಲ್ಲಿ ನೀರು ನಮ್ಮಲ್ಲಿ ದಿನಾ ಬರುವುದಿಲ್ಲ, ಹೇಗೂ ತುಂಬಿಟ್ಟಿರುತ್ತೇವೆ, ಅದೂ ನಡೆಯುತ್ತದೆ. ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರು ಮಾತ್ರ ಹಾಕಬೇಡಿ, ಉಪ್ಪು ಕೂಡಿಕೊಂಡು ಕುಂಡದ ಅಂಚಿಗೆ ಬಿಳಿ ಕಟ್ಟುತ್ತದೆ.

ಬೇಕರಿಯ ಕೇಕ್ ಬರುವ ಪಾರದರ್ಶಕ ಡಬ್ಬಿ ಇದಕ್ಕೆ ಸರಿಯಾಗಿದೆ. ಬೆಳಕು ಇರಲಿ, ನೇರ ಬಿಸಿಲು ಬೇಡ. ದಿನಕ್ಕೆ ಹತ್ತು ನಿಮಿಷ ಮುಚ್ಚಳ ತೆಗೆಯುತ್ತೇನೆ, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಮೂರು ನಾಲ್ಕು ವಾರಕ್ಕೆ ಬೇರು, ಎರಡು ತಿಂಗಳ ಹೊತ್ತಿಗೆ ಗಾಯದ ಜಾಗದಲ್ಲಿ ಸಾಸಿವೆಯಷ್ಟು ಕೆಂಪು ಗಂಟು. ಭೂತಗನ್ನಡಿ ಹಿಡಿದು ನೋಡಿದೆ, ಮೈತುಂಬಾ ರೋಮ ಇರುವ, ಮಡಚಿಕೊಂಡ ಎಲೆ ಅದು. ಹೋದ ವರ್ಷ ಒಂದು ಎಲೆಗೆ ಹನ್ನೊಂದು ಮರಿ ಬಂದವು. ಏಳು ಉಳಿದವು.

ಆಫ್ರಿಕನ್ ವಯೊಲೆಟ್ ಟಾಂಜಾನಿಯಾ, ಕೀನ್ಯಾದ ಗುಡ್ಡಗಳದ್ದು. ಎಲೆಗೆ ಒಂದಿಂಚು ತೊಟ್ಟು ಬಿಟ್ಟು, ಓರೆಯಾಗಿ ಕತ್ತರಿಸಿ ನೆಟ್ಟರೆ ಸಾಕು, ಬುಡದಲ್ಲಿ ಮರಿಗಳ ಗುಂಪೇ ಏಳುತ್ತದೆ.

ಸ್ನೇಕ್ ಪ್ಲಾಂಟಿನ ಎಲೆಯನ್ನು ಮೂರು ಇಂಚಿನ ತುಂಡು ಮಾಡಿ, ಎರಡು ಮೂರು ದಿನ ನೆರಳಲ್ಲಿ ಗಾಯ ಒಣಗಿಸಿ ನೆಡಬೇಕು. ಬುಡದ ಕಡೆಗೆ ಕಚ್ಚು ಹಾಕಿ ಗುರುತು ಮಾಡಿಕೊಳ್ಳಿ, ತಲೆಕೆಳಗಾದರೆ ಬೇರು ಬರುವುದಿಲ್ಲ. ಇನ್ನೊಂದು ಮಾತು. ಹಳದಿ ಅಂಚಿನ ಗಿಡದ ಎಲೆಯಿಂದ ಬಂದ ನನ್ನ ಮರಿಗಳೆಲ್ಲ ಬರೀ ಹಸಿರು. ಆ ಹಳದಿ ಅಂಚು ಬೇರೆಯದೇ ಜೀವಕೋಶಗಳ ಪದರ, ಎಲೆಯ ತುಂಡಿನಿಂದ ಹುಟ್ಟುವ ಚಿಗುರಿಗೆ ಅದು ದಾಟಿ ಬರುವುದಿಲ್ಲ. ಹಳದಿ ಬೇಕಿದ್ದರೆ ಬುಡದ ಗೆಡ್ಡೆಯನ್ನೇ ಬೇರೆ ಮಾಡಿ ನೆಡಬೇಕು.

ಜೀಜೀಗೆ ಮಾತ್ರ ಬಹಳ ತಾಳ್ಮೆ ಬೇಕು. ಜುಲೈನಲ್ಲಿ ಎಂಟು ಎಲೆ ನೆಟ್ಟಿದ್ದೆ. ಫೆಬ್ರುವರಿ ಹೊತ್ತಿಗೆ ಎರಡು ಹಳದಿಯಾಗಿ ಒಣಗಿದವು, ಸತ್ತವು ಅಂತ ಕಿತ್ತು ಎಸೆಯಲು ಹೋದೆ. ಬುಡಕ್ಕೆ ಶೇಂಗಾ ಕಾಳಿನಷ್ಟು ಗೆಡ್ಡೆ ಅಂಟಿಕೊಂಡಿತ್ತು, ಒತ್ತಿದರೆ ಗಟ್ಟಿ, ಬಣ್ಣ ಎಳೆ ಆಲೂಗಡ್ಡೆಯದು. ಎಲೆ ತನ್ನಲ್ಲಿದ್ದದ್ದನ್ನೆಲ್ಲ ಅದಕ್ಕೆ ಕೊಟ್ಟು ಒಣಗಿತ್ತು. ಮತ್ತೆ ಹುಗಿದೆ, ನೀರು ತೀರಾ ಕಡಿಮೆ ಮಾಡಿದೆ. ಮೇ ಕೊನೆಗೆ, ಅಡ್ಡಮಳೆ ಎರಡು ಸಲ ಬಿದ್ದ ಮೇಲೆ, ಎರಡೂ ಕುಂಡಗಳಲ್ಲಿ ಹಸಿರು ಮೊನೆ ಎದ್ದಿತು.

ಈ ಸಲ ಅಕ್ಕ ಪೆಪೆರೋಮಿಯಾದ ನಾಲ್ಕು ಎಲೆ ಕೊಟ್ಟಿದ್ದಾಳೆ. ನಿನ್ನೆ ಸಂಜೆ ಹಾಕಿದ್ದೇನೆ, ಡಬ್ಬಿಯ ಮೇಲೆ ತಾರೀಕು ಬರೆದಿದ್ದೇನೆ. ಅಕ್ಕನಿಗೆ ಬದಲಿಗೆ ಅದೇ ಏಳು ಬಿಗೋನಿಯಾಗಳಲ್ಲಿ ಒಂದನ್ನು ಕಳಿಸಿದೆ.